ಆಕಾಶಕ್ಕೆ ಅರ್ಜಿ ಹಾಕೋ ಜಾಗ

ಬೀಜಿಂಗಿಗೆ ಹೋಗಿದ್ದು ಆಫೀಸ್ ಕೆಲಸಕ್ಕೆ. ವಾರವೆಲ್ಲಾ ಮೀಟಿಂಗು, ಮಧ್ಯೆ ನಂಗೆ ಅಂತ ಸಿಕ್ಕಿದ್ದು ಒಂದೇ ಒಂದು ಶನಿವಾರ, 2024ರ ಡಿಸೆಂಬರ್ 21. ಎಲ್ರೂ ಗ್ರೇಟ್ ವಾಲ್ ನೋಡ್ಕೊಂಡು ಬಾ ಅಂದ್ರು, ಆದ್ರೆ ಆ ಚಳಿಗೆ ಗುಡ್ಡ ಹತ್ತೋ ಉಮೇದು ನಂಗಿರ್ಲಿಲ್ಲ. ಹೋಟೆಲಲ್ಲಿ ವಿಚಾರಿಸಿದ್ರೆ ಅರ್ಧ ದಿನದ ವಾಕಿಂಗ್ ಟೂರ್ ಒಂದಿದೆ, ಟೆಂಪಲ್ ಆಫ್ ಹೆವೆನ್, ಇಂಗ್ಲಿಷ್ ಗೈಡ್ ಬರ್ತಾರೆ ಅಂದ್ರು. ನಡೆಯೋದಾದ್ರೆ ಮೈ ಬಿಸಿನಾದ್ರೂ ಆಗುತ್ತೆ ಅಂತ ಹೆಸರು ಬರೆಸಿದೆ.

ಮೆಟ್ರೋ ಐದನೇ ಲೈನಲ್ಲಿ ಆ ಪಾರ್ಕಿನ ಪೂರ್ವ ಬಾಗಿಲ ಎದುರಿಗೇ ಸ್ಟೇಷನ್ ಇದೆ. ಅಲ್ಲಿ ಸಣ್ಣ ಹಳದಿ ಬಾವುಟ ಹಿಡ್ಕೊಂಡು ಗೈಡ್ ನಿಂತಿದ್ಲು, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಮೂಗು ಕೆಂಪಗಾಗಿತ್ತು. ನಾವು ಏಳು ಜನ. ಚಳಿಗಾಲದ ರೇಟು ಅಂತ ಎಲ್ಲಾ ಸೇರಿ 28 ಯುವಾನ್ ಟಿಕೆಟ್ಟು. ಒಳಗೆ ಹೋಗೋ ಮೊದ್ಲೇ ಅವಳು ಕೇಳಿದ ಪ್ರಶ್ನೆ, ಇವತ್ತು ಏನು ದಿನ? ಶನಿವಾರ ಅಂದ್ರು ಯಾರೋ. ಅಲ್ಲ, ಇವತ್ತು ದೊಂಗ್‌ಜಿ, ವರ್ಷದಲ್ಲೇ ಅತಿ ಸಣ್ಣ ಹಗಲು, ಈ ಜಾಗ ಕಟ್ಟಿರೋದೇ ಇವತ್ತಿನ ದಿನಕ್ಕೆ, ನೀವು ಪುಣ್ಯವಂತರು ಅಂದ್ಲು. ನಾನು ಪುಣ್ಯವಂತ ಆಗಿದ್ದು ಗ್ರೇಟ್ ವಾಲ್ ಹತ್ತೋ ಸೋಮಾರಿತನದಿಂದ.

ಟೆಂಪಲ್ ಅನ್ನೋ ಪದ ನಮ್ಮನ್ನ ಸ್ವಲ್ಪ ದಾರಿ ತಪ್ಪಿಸುತ್ತೆ. ನಾನು ತಲೇಲಿ ಇಟ್ಕೊಂಡು ಹೋಗಿದ್ದು ಗುಡಿ: ಗರ್ಭಗುಡಿ, ಮೂರ್ತಿ, ಪೂಜಾರಿ, ಹೂವು, ಗದ್ದಲ. ಇದರ ಚೀನೀ ಹೆಸರು ತಿಯೆನ್ ತಾನ್. ತಿಯೆನ್ ಅಂದ್ರೆ ಆಕಾಶ, ತಾನ್ ಅಂದ್ರೆ ಕಟ್ಟೆ, ವೇದಿಕೆ. ನಮ್ಮ ಭಾಷೇಲಿ ಹೇಳೋದಾದ್ರೆ ಆಕಾಶದ ಕಟ್ಟೆ. ಇಲ್ಲಿ ಮೂರ್ತಿ ಇಲ್ಲ, ದಿನದ ಪೂಜೆ ಇಲ್ಲ, ಭಕ್ತರಂತೂ ಇರ್ಲೇ ಇಲ್ಲ. ಇದ್ದ ಒಬ್ಬನೇ ಪೂಜಾರಿ ಸ್ವತಃ ಚಕ್ರವರ್ತಿ, ಅವನು ಬರ್ತಿದ್ದಿದ್ದು ವರ್ಷಕ್ಕೆ ಎರಡೋ ಮೂರೋ ಸಲ. ಅಷ್ಟಕ್ಕೆ 273 ಹೆಕ್ಟೇರ್ ಜಾಗ! ಚಕ್ರವರ್ತಿ ವಾಸ ಮಾಡ್ತಿದ್ದ ಅರಮನೆ, ಅದೇ ಫರ್ಬಿಡನ್ ಸಿಟಿ, ಅದರ ಮೂರು ಪಟ್ಟಿಗಿಂತ ಜಾಸ್ತಿ. ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿ ರಾಜಧಾನಿನ ಬೀಜಿಂಗಿಗೆ ತಂದಾಗ ಅರಮನೆ ಜೊತೆಗೇ ಇದನ್ನೂ ಕಟ್ಟಿಸಿದ, ಮುಗಿದಿದ್ದು 1420ರಲ್ಲಿ. ಮೊದಲು ಆಕಾಶಕ್ಕೂ ಭೂಮಿಗೂ ಇಲ್ಲೇ ಪೂಜೆ ಇತ್ತಂತೆ, 1530ರಲ್ಲಿ ಜಿಯಾಜಿಂಗ್ ಅನ್ನೋ ಚಕ್ರವರ್ತಿ ಇಬ್ಬರಿಗೂ ಬೇರೆ ಬೇರೆ ಮನೆ ಮಾಡಿ ಭೂಮೀನ ಊರಿನ ಉತ್ತರಕ್ಕೆ ಕಳಿಸಿದ.

ಒಳಗೆ ಹೋದ್ರೆ ಮೊದಲು ಸಿಗೋದು ಒಂದು ಉದ್ದನೆ ಪಡಸಾಲೆ, 72 ಅಂಕಣದ್ದು. ಅಡಿಗೆ ಮನೆಯಿಂದ, ಪ್ರಾಣಿ ಕಡಿಯೋ ಜಾಗದಿಂದ ನೈವೇದ್ಯದ ಸಾಮಾನೆಲ್ಲಾ ಮಳೆ ಹಿಮಕ್ಕೆ ಸಿಗದ ಹಾಗೆ ಇದರೊಳಗಿಂದ ಸಾಗಿಸ್ತಿದ್ರು. ಈಗ ಆ ಕಟ್ಟೆ ಮೇಲೆ ರಿಟೈರ್ ಆದವರ ಸಾಮ್ರಾಜ್ಯ. ಕೆಳಗೆ ದಪ್ಪ ರಟ್ಟು ಹಾಸ್ಕೊಂಡು ಇಸ್ಪೀಟು, ಒಬ್ಬರ ಕೈ ನೋಡಿ ಹಿಂದೆ ನಿಂತ ನಾಲ್ಕು ಜನ ಸಲಹೆ ಕೊಡೋದು, ಆಡೋನು ಬೈಯೋದು, ನಮ್ಮೂರ ಅಗಸಿ ಕಟ್ಟೇನೇ ಎತ್ತಿ ತಂದು ಇಟ್ಟಂಗಿತ್ತು. ಇನ್ನೊಂದ್ಕಡೆ ಅಜ್ಜಿಯರು ಬಣ್ಣದ ಗರಿ ಚುಚ್ಚಿದ ಬಿಲ್ಲೆನ ನೆಲಕ್ಕೆ ಬೀಳದ ಹಾಗೆ ಕಾಲಲ್ಲಿ ಒದ್ದು ಒದ್ದು ಆಡ್ತಿದ್ರು. ನಮ್ಮಮ್ಮನ ವಯಸ್ಸಿನವರು, ಮಂಡಿನೋವು ಅನ್ನೋ ಶಬ್ದಾನೇ ಕೇಳಿಲ್ಲದವರ ಥರ.

ಸ್ವಲ್ಪ ಆಚೆಗೆ ಸಪ್ತತಾರೆ ಕಲ್ಲು ಅಂತ ಇದೆ. ಹೆಸರಿಗೆ ಏಳು, ಎಣಿಸಿದ್ರೆ ಎಂಟು, ಎಂಟನೇದು ಆಮೇಲೆ ಚಿಂಗ್ ವಂಶದವರು ಸೇರಿಸಿದ್ದು. ಅದರ ಸುತ್ತಮುತ್ತ ಮದುವೆ ಮಾರ್ಕೆಟ್ಟು. ಮಕ್ಕಳ ವಿವರ ಬರೆದ ಹಾಳೆಗಳನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ನೆಲದ ಮೇಲೆ ಹರಡ್ಕೊಂಡು ಅಪ್ಪ ಅಮ್ಮಂದಿರು ಕೂತಿದ್ರು. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಬೀಜಿಂಗಲ್ಲಿ ಸ್ವಂತ ಫ್ಲ್ಯಾಟ್ ಇದೆಯಾ ಅಂತ ಗೈಡ್ ಓದಿ ಹೇಳಿದ್ಲು. ಗೋತ್ರದ ಜಾಗದಲ್ಲಿ ಊರಿನ ನೋಂದಣಿ ಕಾಯಂ ಇದೆಯಾ ಅನ್ನೋದು ಇತ್ತು. ನಿಮ್ಮದೂ ಇದೆಯಾ ಇಲ್ಲಿ ಅಂತ ಆಸ್ಟ್ರೇಲಿಯಾದ ಹೆಂಗಸು ತಮಾಷೆಗೆ ಕೇಳಿದ್ದಕ್ಕೆ ಅವಳು ಉತ್ತರ ಕೊಡದೇ ಬಾವುಟ ಎತ್ತಿ ಮುಂದಕ್ಕೆ ನಡೆದ್ಲು.

ಸೈಪ್ರೆಸ್ ಮರಗಳು ಎಲ್ಲಾ ಕಡೆ. ನೂರಾರು ವರ್ಷದ ಹಳೇ ಮರಗಳೇ 3,500ಕ್ಕೂ ಜಾಸ್ತಿ ಇದಾವೆ, ಒಂದೊಂದಕ್ಕೂ ನಂಬರ್ ಪ್ಲೇಟು. ಆ ಹಸಿರು ದಾಟಿ ಮೆಟ್ಟಲು ಹತ್ತಿದ್ರೆ ತಟ್ ಅಂತ ಎದುರಿಗೆ ನಿಲ್ಲುತ್ತೆ ಆ ಮೂರು ಮಾಡಿನ ದುಂಡು ಮನೆ, ಎಲ್ಲಾ ಪೋಸ್ಟರಲ್ಲೂ ಇರುತ್ತಲ್ಲ ಅದು. ಸಮೃದ್ಧ ಬೆಳೆಗಾಗಿ ಪ್ರಾರ್ಥನೆ ಮಾಡೋ ಮನೆ ಅಂತ ಅದರ ಹೆಸರು. ಅಮೃತಶಿಲೆಯ ಮೂರು ಸುತ್ತಿನ ಜಗಲಿ, ಮೇಲೆ ನೀಲಿ ಹೆಂಚಿನ ಮೂರು ಛತ್ರಿ, ಒಟ್ಟು 38 ಮೀಟರ್ ಎತ್ತರ, ಎಲ್ಲಾ ಮರದ ಕೆಲಸ, ಮೊಳೆ ಹೊಡೆಯದೆ ಒಂದಕ್ಕೊಂದು ಕೂರಿಸಿದ್ದು. ಡಿಸೆಂಬರಿನ ಒಣ ಆಕಾಶದ ನೀಲಿಗೆ ಆ ಹೆಂಚಿನ ನೀಲಿ ಎಷ್ಟು ಹೊಂದ್ಕೊಂಡಿತ್ತು ಅಂದ್ರೆ, ನಾನು ಫೋಟೋ ತೆಗೆಯೋದು ಬಿಟ್ಟು ಸುಮ್ನೆ ನಿಂತೆ. ಕೈಗವಸು ತೆಗೆದ್ರೆ ಬೆರಳು ಮರಗಟ್ಟುತ್ತೆ ಅನ್ನೋದೂ ಒಂದು ಕಾರಣ ಅನ್ನಿ.

ಮೊದಲು ಮೂರು ಛತ್ರಿಗೂ ಮೂರು ಬಣ್ಣ ಇತ್ತಂತೆ, ನೀಲಿ ಹಳದಿ ಹಸಿರು. 1751ರಲ್ಲಿ ಚಿಯೆನ್‌ಲೋಂಗ್ ಚಕ್ರವರ್ತಿ ಎಲ್ಲಾ ನೀಲಿ ಮಾಡಿಸಿದ. ಆಮೇಲೆ 1889ರಲ್ಲಿ ಸಿಡಿಲು ಹೊಡೆದು ಇಡೀ ಕಟ್ಟಡ ಸುಟ್ಟೋಯ್ತು. ಆಕಾಶಕ್ಕೆ ಅಂತ ಕಟ್ಟಿದ ಮನೆಗೆ ಆಕಾಶವೇ ಬೆಂಕಿ ಇಟ್ರೆ ರಾಜ ಯಾರ ಹತ್ರ ಹೇಳ್ಕೋಬೇಕು ನೋಡಿ. 1896ರ ಹೊತ್ತಿಗೆ ಮೊದಲಿದ್ದ ಹಾಗೇ ಮತ್ತೆ ಕಟ್ಟಿದ್ರು. ಈಗ ನೋಡ್ತಿರೋದು ಅದು.

ಒಳಗೆ ಬಿಡಲ್ಲ, ಬಾಗಿಲಲ್ಲಿ ಕತ್ತು ಚಾಚಿ ನೋಡ್ಬೇಕು. 28 ಕಂಬ. ನಡುವಿನ ನಾಲ್ಕು ದೊಡ್ಡವು ನಾಲ್ಕು ಋತು, ಅದರ ಸುತ್ತ ಹನ್ನೆರಡು ಅಂದ್ರೆ ಹನ್ನೆರಡು ತಿಂಗಳು, ಹೊರಗಿನ ಹನ್ನೆರಡು ದಿನದ ಹನ್ನೆರಡು ಜಾವ (ಅವರ ಲೆಕ್ಕದಲ್ಲಿ ದಿನಕ್ಕೆ ಎರಡೆರಡು ಗಂಟೆಯ ಹನ್ನೆರಡು ಭಾಗ). ಒಳಗಿಂದೂ ಹೊರಗಿಂದೂ ಕೂಡಿಸಿದ್ರೆ 24, ಅದು ಬೇಸಾಯದ ಇಪ್ಪತ್ನಾಲ್ಕು ಕಾಲ. ಎಲ್ಲಾ ಸೇರಿ 28, ಚಂದ್ರ ಹಾದು ಹೋಗೋ ಇಪ್ಪತ್ತೆಂಟು ಮನೆ. ಇದನ್ನ ಗೈಡ್ ಹೇಳ್ತಾ ಹೋದ ಹಾಗೆ ಉಳಿದವರು ಓ ವಾವ್ ಅಂತಿದ್ರು, ನನಗೆ ಮಾತ್ರ ನಮ್ಮಪ್ಪ ಗ್ವಾಡಿಗೆ ನೇತುಹಾಕಿರೋ ಕ್ಯಾಲೆಂಡರ್ ನೆನಪಾಯ್ತು. ನಾವು ರೋಣದ ಕಡೆಯವರು, ಎರೆ ಹೊಲ. ಅಪ್ಪನಿಗೆ ಜನವರಿ ಫೆಬ್ರವರಿ ಬ್ಯಾಂಕಿನ ಕಂತು ಕಟ್ಟೋಕೆ ಮಾತ್ರ, ಬದುಕೆಲ್ಲಾ ನಡೆಯೋದು ಭರಣಿ, ರೋಹಿಣಿ, ಆರಿದ್ರಾ, ಹಸ್ತ, ಚಿತ್ತಿ, ಸ್ವಾತಿಯಲ್ಲಿ. ರೋಹಿಣಿ ಮಳೆ ಬಂದ್ರೆ ಓಣಿ ತುಂಬಾ ಜೋಳ ಅಂತ ಲೆಕ್ಕ. ಇವರದ್ದು ಹದಿನೈದು ದಿನಕ್ಕೊಂದು ಕಾಲ, ನಮ್ಮದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಅಪ್ಪನ ಕ್ಯಾಲೆಂಡರನ್ನ ಮರದಲ್ಲಿ ಮಾಡಿ, ಬಂಗಾರದ ಬಣ್ಣ ಹೊಡೆದು, ನಿಲ್ಲಿಸಿದ್ರೆ ಈ ಮನೆ.

ನಿಮ್ಮಲ್ಲೂ ಗಾದೆ ಇದೆಯಾ ಅಂತ ಕೇಳ್ದೆ. ಇದೆ ಅಂದ್ಲು. ಗೋಧಿ ಪೈರು ಈ ಚಳಿಗಾಲ ಮೂರು ಪದರ ಕೌದಿ ಹೊದ್ದು ಮಲಗಿದ್ರೆ, ಬರೋ ವರ್ಷ ನೀನು ಮಂಟೋ ಮೇಲೆ ತಲೆ ಇಟ್ಟು ಮಲಗ್ಬಹುದು. ಕೌದಿ ಅಂದ್ರೆ ಹಿಮ, ಮಂಟೋ ಅಂದ್ರೆ ಆವಿಯಲ್ಲಿ ಬೇಯಿಸೋ ಗೋಧಿ ಉಂಡೆ, ದಪ್ಪ ಇಡ್ಲಿ ಥರ. ಅವಳ ಅಜ್ಜ ಹೆನಾನ್ ಕಡೆ ಗೋಧಿ ಬೆಳೀತಾರಂತೆ. ಈ ವರ್ಷ ಕೌದಿ ಬಿತ್ತಾ ಅಂದೆ. ಇನ್ನೂ ಇಲ್ಲ ಅಂತ ಹೇಳೋವಾಗ ಅವಳ ಮುಖದಲ್ಲಿ ಗೈಡ್ ಇರ್ಲಿಲ್ಲ, ಅಜ್ಜನ ಮೊಮ್ಮಗಳು ಇದ್ಲು.

ಪಕ್ಕದಲ್ಲೇ ಒಂದು ಸಣ್ಣ ಬಾಗಿಲಿನ ಕತೆ ಹೇಳಿದ್ಲು, ನಂಗೆ ಭಾಳ ಇಷ್ಟ ಆಯ್ತು. ಚಿಯೆನ್‌ಲೋಂಗ್‌ಗೆ ವಯಸ್ಸಾದ ಮೇಲೆ ದೂರದಿಂದ ನಡೆಯೋದು ಕಷ್ಟ ಆಗಿ, ಎಪ್ಪತ್ತರ ಸುಮಾರಿಗೆ ಒಂದು ಅಡ್ಡದಾರಿ ಬಾಗಿಲು ಮಾಡಿಸ್ಕೊಂಡ. ಮಾಡಿಸ್ಕೊಂಡ ಮೇಲೆ ಅವನಿಗೆ ಹೆದರಿಕೆ, ಮುಂದೆ ಬರೋ ಮಕ್ಕಳು ಮೊಮ್ಮಕ್ಕಳೆಲ್ಲಾ ಸೋಮಾರಿಗಳಾಗಿ ಇದರಿಂದ್ಲೇ ನುಗ್ತಾರೆ ಅಂತ. ಅದಕ್ಕೆ ಎಪ್ಪತ್ತು ತುಂಬಿದವರು ಮಾತ್ರ ಇದನ್ನ ಬಳಸ್ಬೇಕು ಅಂತ ಆಜ್ಞೆ ಹೊರಡಿಸಿದ. ಅವನೇನೋ 87 ವರ್ಷ ಬದುಕಿ 1799ರಲ್ಲಿ ಸತ್ತ. ಅವನ ನಂತರ ಬಂದ ಒಬ್ಬನೇ ಒಬ್ಬ ಚಕ್ರವರ್ತಿಗೂ ಎಪ್ಪತ್ತು ತುಂಬಲಿಲ್ಲ. ಬಾಗಿಲು ಹಾಗೇ ಉಳೀತು.

ಅಲ್ಲಿಂದ ದಕ್ಷಿಣಕ್ಕೆ 360 ಮೀಟರಿನ ಎತ್ತರದ ಕಲ್ಲು ಹಾದಿ, ಸೇತುವೆ ಅಂತಾನೇ ಕರೀತಾರೆ, ಯಾಕಂದ್ರೆ ಅಡಿಯಲ್ಲಿ ಒಂದು ಸುರಂಗ ಇದೆ, ಬಲಿ ಪ್ರಾಣಿಗಳನ್ನ ಅದರೊಳಗಿಂದ ಹೊಡ್ಕೊಂಡು ಹೋಗ್ತಿದ್ರು. ಮೇಲೆ ನಟ್ಟನಡುವಿನ ಪಟ್ಟಿ ಆಕಾಶದ್ದು, ಪೂರ್ವದ್ದು ಚಕ್ರವರ್ತಿಗೆ, ಪಶ್ಚಿಮದ್ದು ಅಧಿಕಾರಿಗಳಿಗೆ. ಈಗ ನಡುವಿನ ಪಟ್ಟೀಲಿ ಸೆಲ್ಫಿ ತೆಗೆಯೋರೇ ಜಾಸ್ತಿ, ನಾನೂ ಅದರಲ್ಲೇ ನಡೆದೆ.

ಈ ಹಾದೀಲಿ ಹೋಗ್ತಾ ಅವಳು ಹೇಳಿದ್ದು ವಾನ್ಲಿ ಚಕ್ರವರ್ತಿ ಕತೆ. ಚಕ್ರವರ್ತಿ ಹೊರಗೆ ಬರ್ತಾನೆ ಅಂದ್ರೆ ಅಂಗಡಿ ಮುಂಗಟ್ಟು ಬಂದ್, ಬೀದಿಗೆ ಪರದೆ, ಜನ ಕಣ್ಣೆತ್ತಿ ನೋಡೋ ಹಾಗಿಲ್ಲ. 1585ರಲ್ಲಿ ಭಾರೀ ಬರ. ಬಾವಿ ಬತ್ತಿದ್ವು. ಆಗ ಇಪ್ಪತ್ತೊಂದರ ಹುಡುಗ ವಾನ್ಲಿ ಪಲ್ಲಕ್ಕಿ ಗಿಲ್ಲಕ್ಕಿ ಏನೂ ಬೇಡ ಅಂತ, ಸಾದಾ ಹತ್ತಿ ಬಟ್ಟೆ ಉಟ್ಕೊಂಡು, ಅರಮನೆಯಿಂದ ಇಲ್ಲಿವರೆಗೆ ಐದು ಕಿಲೋಮೀಟರ್ ಹತ್ತಿರ ನಡ್ಕೊಂಡೇ ಬಂದ. ಊರಿನ ಜನ ತಮ್ಮ ರಾಜ ಹೇಗಿದಾನೆ ಅಂತ ಕಣ್ಣಾರೆ ನೋಡಿದ್ದು ಅವತ್ತೇ ಅಂತೆ. ಮಳೆ ಕೇಳಿ ಎದ್ದ ಮೇಲೆ ಮಂತ್ರಿಗಳಿಗೆ ಅವನು ಹೇಳಿದ್ದು ಏನಪ್ಪಾ ಅಂದ್ರೆ, ಬರ ಬಂದಿರೋದು ನನ್ನ ನಡತೆ ಸರಿ ಇಲ್ಲದ್ದಕ್ಕೆ, ಹಾಗೇ ನಿಮ್ಮ ಅಧಿಕಾರಿಗಳು ಬಡವರನ್ನ ಸುಲಿದಿದ್ದಕ್ಕೂ ಹೌದು. ಎರಡನೇ ಭಾಗ ಕೇಳಿ ನಮ್ಮ ಗುಂಪಲ್ಲಿ ಎಲ್ರೂ ನಕ್ರು, ಯಾವ ದೇಶದವರಾದ್ರೂ ಅಲ್ಲಿ ನಗು ಬಂದೇ ಬರುತ್ತೆ. ಮಳೆ ಬಂತಾ? ಬಂತಂತೆ, ಹತ್ತಿರ ಹತ್ತಿರ ತಿಂಗಳಾದ ಮೇಲೆ. ಇದೇ ವಾನ್ಲಿ ಮುಂದೆ ದಶಕಗಟ್ಟಲೆ ದರ್ಬಾರಿಗೇ ಬರೋದು ಬಿಟ್ಟು ಅರಮನೆ ಒಳಗೇ ಕೂತ, ಅದು ಬೇರೆ ಕತೆ.

ನಂಗೆ ಆ ಮಾತು ತಲೇಲಿ ಕೂತ್ಬಿಡ್ತು. ಬರ ಬಂದ್ರೆ ತಪ್ಪು ಯಾರದ್ದು ಅನ್ನೋದು. ನಮ್ಮ ಕಡೆ ಬರ ಬಂದ್ರೆ ಬರಪಟ್ಟಿಗೆ ತಾಲೂಕು ಸೇರಿಸಿದಾರೋ ಇಲ್ವೋ ಅಂತ ಪೇಪರ್ ನೋಡ್ತೀವಿ, ನನ್ನಿಂದ ಆಯ್ತು ಅಂತ ಯಾರೂ ಬಂದು ಹೇಳಲ್ಲ. ಇಲ್ಲಿ ಹೇಳ್ತಿದ್ರಲ್ಲ ಅಂತ ಮೊದಲು ದೊಡ್ಡದಾಗಿ ಅನ್ನಿಸ್ತು. ಆಮೇಲೆ ನಡೀತಾ ನಡೀತಾ ಅದರ ಇನ್ನೊಂದು ಮಗ್ಗಲು ಕಾಣೋಕೆ ಶುರುವಾಯ್ತು. ಮಳೆ ನಿಂತಿದ್ದು ನನ್ನಿಂದ ಅಂತ ಹೇಳೋನು, ಮಳೆ ಬಂದ್ರೂ ನನ್ನಿಂದ್ಲೇ ಅಂತಾನಲ್ವಾ? ಆಕಾಶಕ್ಕೆ ನೇರ ಪೂಜೆ ಕೊಡೋ ಹಕ್ಕು ಇಡೀ ದೇಶದಲ್ಲಿ ಅವನೊಬ್ಬನಿಗೇ. ಬೇರೆ ಯಾರಾದ್ರೂ ಮಾಡಿದ್ರೆ ಅದು ಸಿಂಹಾಸನದ ಮೇಲೆ ಕಣ್ಣು ಹಾಕಿದ ಹಾಗೆ. ಹೊಲ ಇರೋದು ಕೋಟಿ ಜನಕ್ಕೆ, ಅರ್ಜಿ ಹಾಕೋಕೆ ಕೌಂಟರ್ ಒಂದೇ, ಅದರ ಬೀಗದ ಕೈ ಅವನ ಸೊಂಟದಲ್ಲಿ.

ನಮ್ಮೂರಲ್ಲಿ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಮಳೆ ಹೋಯ್ತು ಅಂದ್ರೆ ಒಬ್ಬರು ಕತ್ತೆ ಮದುವೆ ಮಾಡ್ತಾರೆ, ಇನ್ನೊಬ್ಬರು ಕಪ್ಪೆ ಮದುವೆ, ಹುಡುಗರು ಮಳೆರಾಯನ ಹಾಡು ಹೇಳ್ಕೊಂಡು ಮನೆ ಮನೆಗೆ ಬರ್ತಾರೆ. ಭಾದ್ರಪದದಲ್ಲಿ ಜೋಕುಮಾರ ಬರ್ತಾನೆ, ಬುಟ್ಟೀಲಿ ಕೂತ್ಕೊಂಡು, ಮೈತುಂಬಾ ಬೇವಿನ ತೊಪ್ಪಲು, ಬಾಯಿಗೆ ಬೆಣ್ಣೆ. ಅವನಿಗಿಂತ ಮೊದ್ಲು ಬಂದಿದ್ದ ಗಣಪ್ಪ ಕಡಬು ತಿಂದು ವಾಪಸ್ ಹೋಗಿ ಭೂಲೋಕದಲ್ಲಿ ಎಲ್ಲಾ ಆರಾಮ ಅಂತ ಶಿವನಿಗೆ ರಿಪೋರ್ಟ್ ಕೊಟ್ಟಿರ್ತಾನೆ. ಜೋಕುಮಾರ ಮಾತ್ರ ಕೇರಿ ಕೇರಿ ಸುತ್ತಿ, ಹೊಡೆತ ತಿಂದು ಸತ್ತು, ಮೇಲೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತಾನೆ, ಮಳೆ ಇಲ್ಲ ಬೆಳೆ ಇಲ್ಲ ಜನ ಕಷ್ಟದಲ್ಲಿದಾರೆ ಅಂತ. ಚಕ್ರವರ್ತಿಯ ಅರ್ಜಿ ಮೇಲೆ ಹೋಗ್ತಿದ್ದಿದ್ದು ಹೊಗೆಯಾಗಿ, ನಮ್ಮದು ಹೋಗೋದು ಒಬ್ಬ ಪೋಲಿ ಹುಡುಗನ ಕೈಲಿ.

ಹಾದಿ ಮುಗಿದ ಕಡೆ ಒಂದು ದುಂಡು ಅಂಗಳ. ನಡುವೆ ಸಣ್ಣ ದುಂಡು ಗುಡಿ, ಆಕಾಶದ ಹೆಸರು ಬರೆದ ಮರದ ಫಲಕ ವರ್ಷವೆಲ್ಲಾ ಇದರೊಳಗೆ ಇರ್ತಿತ್ತು, ಪೂಜೆ ದಿನ ಮಾತ್ರ ನಮ್ಮ ಉತ್ಸವಮೂರ್ತಿ ಥರ ಹೊರಗೆ ಬರೋದು. ಅಂಗಳದ ಸುತ್ತ ಇರೋ ಗೋಡೇನೇ ಪ್ರಸಿದ್ಧ ಎಕೋ ವಾಲ್. ಸುತ್ತಳತೆ 193 ಮೀಟರ್, ನುಣ್ಣಗೆ ಉಜ್ಜಿದ ಇಟ್ಟಿಗೆ. ಈ ತುದೀಲಿ ಗೋಡೆ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡಿದ್ರೆ ಗೋಡೆಗುಂಟ ಜಾರಿ ಆ ತುದಿಗೆ ಕೇಳಿಸುತ್ತೆ. ಕೇಳಿಸ್ಬೇಕು. ಈಗ ಗೋಡೆ ಮುಂದೆ ಕಂಬಿ ಹಾಕಿದಾರೆ, ಹೆಸರು ಕೆತ್ತೋರ ಕಾಟಕ್ಕೆ, ಜೊತೆಗೆ ನೂರಾರು ಜನ ಒಟ್ಟಿಗೇ ಕೂಗ್ತಿರ್ತಾರೆ. ಐದನೇ ಕ್ಲಾಸಿನ ಟ್ರಿಪ್ಪಲ್ಲಿ ವಿಜಯಪುರದ ಗೋಳಗುಮ್ಮಟಕ್ಕೆ ಹೋದಾಗ್ಲೂ ಇದೇ ಆಗಿತ್ತು, ಮೇಷ್ಟ್ರು ಪಿಸುಮಾತು ಕೇಳಿಸ್ತೈತಿ ಸುಮ್ನಿರ್ರೋ ಅಂತ ಕೂಗಿದ್ದೇ ಏಳೆಂಟು ಸಲ ಕೇಳಿಸಿತ್ತು.

ಕೊನೆಗೆ ಆ ಕಟ್ಟೆ. ಬಯಲಲ್ಲಿ ಮೂರು ಸುತ್ತಿನ ಬಿಳೀ ಕಲ್ಲಿನ ಕಟ್ಟೆ, ಮೇಲೆ ಮಾಡಿಲ್ಲ, ಗೋಡೆ ಇಲ್ಲ, ಏನೂ ಇಲ್ಲ. ನಿಜವಾದ ಗರ್ಭಗುಡಿ ಇದು, ಮೇಲಿರೋ ಆಕಾಶವೇ ಮೂರ್ತಿ. ನಡುವೆ ಒಂದು ದುಂಡು ಕಲ್ಲು. ಅದರ ಸುತ್ತ ಒಂಬತ್ತು ಕಲ್ಲು, ಮುಂದಿನ ಸುತ್ತಿಗೆ ಹದಿನೆಂಟು, ಆಮೇಲೆ ಇಪ್ಪತ್ತೇಳು, ಹೀಗೆ ಒಂಬತ್ತರ ಮಗ್ಗಿ ಮೇಲಿನ ಕಟ್ಟೇಲಿ 81ರವರೆಗೆ, ಕೆಳಗಿನ ಎರಡು ಕಟ್ಟೇಲೂ ಮುಂದುವರೆದು ಇಪ್ಪತ್ತೇಳನೇ ಸುತ್ತಿಗೆ 243. ಕೂಡಿಸಿದ್ರೆ 3,402. ಕಟಕಟೆಯ ಕಲ್ಲುಗಳು 72, 108, 180, ಒಟ್ಟು 360. ನೂರೆಂಟು ಅಂದ ತಕ್ಷಣ ನಾನು ತಲೆ ಆಡಿಸಿದ್ದು ನೋಡಿ ಗೈಡಿಗೆ ಖುಷಿ.

ಇವತ್ತಿನ ದಿನ, ಸೂರ್ಯ ಹುಟ್ಟೋಕೆ ಮೊದಲು, ಈ ಚಳೀಲಿ, ಕತ್ತಲಲ್ಲಿ ಎತ್ತರದ ಕಂಬಕ್ಕೆ ದೊಡ್ಡ ದೊಡ್ಡ ಲಾಂದ್ರ ಏರಿಸಿರ್ತಿದ್ರು. ಒಲೇಲಿ ಇಡೀ ಕರು ಉರೀತಿರ್ತಿತ್ತು, ಕುಂದಿಲ್ಲದ ಎಳೆ ಕರುವೇ ಆಗ್ಬೇಕು. ದಿನವೂ ದಕ್ಷಿಣಕ್ಕೆ ಮುಖ ಮಾಡಿ ಕೂತು ಇಡೀ ದೇಶದಿಂದ ಅಡ್ಡ ಬೀಳಿಸ್ಕೊಳ್ತಿದ್ದವನು ಇವತ್ತು ಉತ್ತರಕ್ಕೆ ತಿರುಗಿ ತಾನೇ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಬೇಕು, ಮತ್ತೆ ಮತ್ತೆ. ಪ್ರಾರ್ಥನೆಯಲ್ಲಿ ತನ್ನನ್ನ ತಾನು ಸೇವಕ ಅಂತ ಕರ್ಕೋಬೇಕು. ಓದಿದ ಪ್ರಾರ್ಥನೆ, ನೀಲಿ ದುಂಡು ಹರಳು, ರೇಷ್ಮೆ ಎಲ್ಲಾ ಅರ್ಪಣೆ, ಕೊನೆಗೆ ಬರೆದ ಅರ್ಜಿ ಬೆಂಕಿಗೆ.

ನಡುವಿನ ಕಲ್ಲಿನ ಮೇಲೆ ನಿಂತು ಮಾತಾಡಿದ್ರೆ ನಿಮ್ಮ ದನಿ ಸುತ್ತಲ ಕಟಕಟೆಗೆ ಬಡಿದು ತಕ್ಷಣ ನಿಮಗೇ ವಾಪಸ್ ಬಂದು ದೊಡ್ಡದಾಗಿ ಕೇಳುತ್ತೆ. ಅದಕ್ಕೆ ಅಲ್ಲಿ ಕ್ಯೂ. ನನ್ನ ಪಾಳಿ ಬಂದಾಗ ಏನು ಹೇಳ್ಬೇಕು ಅಂತ ತೋಚದೇ ಎಳ್ಳ ಅಮಾವಾಸ್ಯೆಲಿ ಹೊಲದಲ್ಲಿ ಚರಗ, ಅಂದ್ರೆ ಎಡೆ, ಚೆಲ್ಲೋವಾಗ ಕೂಗೋ ಹಾಗೆ "ಹುಲಿಗ್ಯೋ" ಅಂದೆ, ಮೆಲ್ಲಗೇ ಅಂದಿದ್ದು, ಆದ್ರೂ ಹಿಂದಿದ್ದ ಮಗು ಹೆದರಿ ಅಮ್ಮನ ಕಾಲು ಹಿಡ್ಕೊಳ್ತು.

1900ರಲ್ಲಿ ಎಂಟು ದೇಶದ ಸೈನ್ಯ ಬೀಜಿಂಗಿಗೆ ನುಗ್ಗಿದಾಗ ಬ್ರಿಟಿಷರು ಬೀಡು ಬಿಟ್ಟಿದ್ದು ಇದೇ ಆವರಣದಲ್ಲಿ. ಆ ಸೈನ್ಯದಲ್ಲಿ ನಮ್ಮ ದೇಶದ ಸಿಪಾಯಿಗಳು ಬೇಕಾದಷ್ಟಿದ್ರು. ಅವರಲ್ಲೂ ಎಷ್ಟೋ ಜನ ಹೊಲದ ಮನೆ ಹುಡುಗರೇ ಇರ್ಬೇಕು. ಗೈಡ್ ಇದನ್ನ ಹೇಳೋವಾಗ ನನ್ನ ಕಡೆ ನೋಡ್ಲಿಲ್ಲ, ನಾನೂ ಶೂ ಲೇಸ್ ಕಟ್ಕೊಂಡೆ. ರಾಜಶಾಹಿ ಹೋದ ಮೇಲೂ 1914ರಲ್ಲಿ ಅಧ್ಯಕ್ಷ ಯುವಾನ್ ಶಿಕಾಯ್ ಇಲ್ಲಿಗೆ ಬಂದು ಇದೇ ದೊಂಗ್‌ಜಿ ಪೂಜೆ ಮಾಡಿದ, ಬಂದಿದ್ದು ಗುಂಡು ತಾಗದ ಕಾರಲ್ಲಿ. ಮರುವರ್ಷ ತಾನೇ ಚಕ್ರವರ್ತಿ ಅಂತ ಘೋಷಿಸ್ಕೊಂಡ, ನಾಲ್ಕು ತಿಂಗಳೂ ಉಳೀಲಿಲ್ಲ ಅದು, 1916ರಲ್ಲಿ ತೀರ್ಕೊಂಡ. 1918ರಲ್ಲಿ ಟಿಕೆಟ್ ಇಟ್ಟು ಜನರನ್ನ ಒಳಗೆ ಬಿಟ್ರು. ಅಲ್ಲಿಗೆ ಇಸ್ಪೀಟಿನವರು ಬರೋಕೆ ದಾರಿ ಆಯ್ತು.

ಕೊನೇ ಸ್ಟಾಪು ಪಶ್ಚಿಮಕ್ಕಿರೋ ಉಪವಾಸದ ಅರಮನೆ. ಪೂಜೆಗೆ ಮುಂಚೆ ಮೂರು ದಿನ ಚಕ್ರವರ್ತಿ ಇಲ್ಲಿ ಮಡೀಲಿ ಇರ್ಬೇಕು. ಮಾಂಸ ಇಲ್ಲ, ಹೆಂಡ ಇಲ್ಲ, ಹೆಂಡತಿಯರಿಲ್ಲ, ಸಂಗೀತ ಇಲ್ಲ, ಅಪರಾಧಿಗಳ ವಿಚಾರಣೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಯಾಕಿಲ್ಲ ಅಂತ ಆಸ್ಟ್ರೇಲಿಯಾದವರು ಕೇಳಿದ್ರು, ನಾನು ಕೇಳ್ಲಿಲ್ಲ. ಅಂಗಳದಲ್ಲಿ ಕೈಲಿ ಫಲಕ ಹಿಡಿದ ಒಂದು ಕಂಚಿನ ಬೊಂಬೆ ನಿಲ್ಲಿಸ್ತಿದ್ರಂತೆ, ಉಪವಾಸ ನೆನಪಿರ್ಲಿ ಅಂತ. ಚಕ್ರವರ್ತಿಯನ್ನ ಬೊಂಬೆ ಕಾಯೋದು! ಆಮೇಲೆ 1731ರಲ್ಲಿ ಯೋಂಗ್‌ಜೆಂಗ್ ಚಕ್ರವರ್ತಿ ಫರ್ಬಿಡನ್ ಸಿಟಿ ಒಳಗೇ ಇನ್ನೊಂದು ಉಪವಾಸದ ಮನೆ ಕಟ್ಟಿಸ್ಕೊಂಡ, ಎರಡು ರಾತ್ರಿ ಅಲ್ಲೇ, ಕೊನೇ ರಾತ್ರಿ ಮಾತ್ರ ಇಲ್ಲಿ.

ಬಾಗಿಲ ಹತ್ರ ಬಿಟ್ಟು ಹೋಗೋವಾಗ ಗೈಡ್ ಕೈ ಮಾಡಿ ರಸ್ತೆ ಆಚೆ ತೋರಿಸಿ, ಅಲ್ಲೊಂದು ಬೇಸಾಯದ ದೇವರ ಕಟ್ಟೆ ಇದೆ, ವಸಂತದಲ್ಲಿ ಚಕ್ರವರ್ತಿ ಅಲ್ಲಿ ತಾನೇ ನೇಗಿಲು ಹಿಡಿದು ಊಳ್ತಿದ್ದ ಅಂದ್ಲು. ಅವನ ಪಾಲಿನ ಹೊಲ ಒಂದು ಮು ಮತ್ತು ಮೂರು ಭಾಗ (ಮು ಅಂದ್ರೆ ಅವರ ಹೊಲದ ಅಳತೆ, ಭಾಗ ಅಂದ್ರೆ ಅದರ ಹತ್ತರಲ್ಲೊಂದು). ಈಗ್ಲೂ ಯಾರಾದ್ರೂ ನಂದು ನಂದು ಅಂತ ಸಣ್ಣ ಜಾಗಕ್ಕೆ ಅಂಟ್ಕೊಂಡಿದ್ರೆ ಅವನ ಒಂದು ಮು ಮೂರು ಭಾಗ ಅಂತ ಆಡ್ಕೋತಾರಂತೆ. ಮತ್ತೆ, ಇವತ್ತು ಜಿಯಾವ್‌ಜ಼ ಅನ್ನೋ ತಿಂಡಿ ತಿನ್ನಲೇಬೇಕು, ತಿನ್ನದಿದ್ರೆ ಚಳಿಗೆ ಕಿವಿ ಉದುರಿ ಬೀಳುತ್ತೆ ಅಂತ ಎಚ್ಚರಿಸಿ ಹೋದ್ಲು.

ಗಲ್ಲಿ ಹೋಟೆಲಲ್ಲಿ ಮೊಟ್ಟೆದು, ಬೆಳ್ಳುಳ್ಳಿ ವಾಸನೆಯ ಯಾವುದೋ ಸೊಪ್ಪಿಂದು ಒಂದು ತಟ್ಟೆ ಹೇಳ್ದೆ. ಬಂದಿದ್ದು ಥೇಟ್ ಕಡಬು. ಫೋಟೋ ತೆಗೆದು ಊರಿಗೆ ಕಳಿಸಿದ್ದೇ ತಡ ಅಪ್ಪನ ಫೋನು. ನೋಡಿದ್ದೆಲ್ಲಾ ಹೇಳ್ದೆ, ಅರಸ ಮಳೆ ಬೆಳೆಗೋಸ್ಕರ ಕತ್ತಲಲ್ಲಿ ಮಂಡಿಯೂರ್ತಿದ್ದ ಅಂತ.

"ಹೌದಾ? ಅರಸನ ಮಣಕಾಲ ಊರತಿದ್ನಾ? ಎಷ್ಟ್ ಎಕರೆ ಇತ್ತಪಾ ಅವಂದು?"

ದೇಶ ಎಲ್ಲಾ ಅವಂದೇ ಅಪ್ಪಾ, ಆದ್ರೆ ಸ್ವಂತ ನೇಗಿಲು ಹಿಡಿದು ಊಳ್ತಿದ್ದಿದ್ದು ಲೆಕ್ಕ ಹಾಕಿದ್ರೆ ಹೆಚ್ಚು ಕಮ್ಮಿ ಎಂಟು ಗುಂಟೆ ಅಂದೆ.

ಅಪ್ಪ ಎಷ್ಟು ನಕ್ರು ಅಂದ್ರೆ ಅಮ್ಮ ಆ ಕಡೆಯಿಂದ ಏನಾತು ಏನಾತು ಅಂತ ಕೇಳೋದು ಕೇಳಿಸ್ತು. ಎಂಟ್ ಗುಂಟೆಗೆ ಇಷ್ಟೆಲ್ಲಾ ಮಾಡ್ತಿದ್ನಂತ ನೋಡ ಅಂತ ಅವರಿಗೆ ಹೇಳಿ ಮತ್ತೆ ನಕ್ರು. ಕಡಲಿ ಹೆಂಗೈತಿ ಅಂದೆ. ಹೂ ಬಿಟ್ಟೈತಿ, ಥಂಡಿ ಇನ್ನೊಂದೀಟು ಬಿದ್ರ ಚಲೋ, ಮೋಡ ಆಗಬಾರದು ನೋಡು ಅಂದ್ರು. ಸ್ವಲ್ಪ ಹೊತ್ತು ಇಬ್ರೂ ಏನೂ ಮಾತಾಡ್ಲಿಲ್ಲ.

"ಅಮಾಸಿ ಇನ್ನ ಒಂಬತ್ ದಿನ ಐತಿ. ಚರಗಕ್ಕ ಬರ್ತೀಯೋ ಇಲ್ಲೋ ಅಷ್ಟ್ ಹೇಳು. ಟ್ರ್ಯಾಕ್ಟರ್‌ಗೆ ಹೇಳ್ಬೇಕು, ಮತ್ತ ನಿಮ್ಮವ್ವ ಸಜ್ಜಿ ಬೀಸಾಕ ಕೊಡ್ಬೇಕಂತ."